ಚೌತಿ ಕಳೆದ ಎರಡನೇ ದಿನ

ಅಂಕೋಲಾದಿಂದ ಕಾರವಾರಕ್ಕೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಷ್ಟು ಹತ್ತಿರದವಳಿಗೆ ಮನೆ ನೆನಪಾಗಿ ಅಳು ಬರುತ್ತದೆ ಎಂದರೆ ಯಾರೂ ನಂಬುವುದಿಲ್ಲ. ಕಾರವಾರದ ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ನನ್ನ ಜತೆಗೆ ಪಿ.ಜಿ. ಮಾಡುತ್ತಿದ್ದ ಕಲಬುರಗಿಯ ಗೆಳತಿಯ ಎದುರು ಒಮ್ಮೆ ಬಾಯಿತಪ್ಪಿ ಹೇಳಿಬಿಟ್ಟಿದ್ದೆ. ಅವಳು ಊರು ಸೇರಬೇಕೆಂದರೆ ಇಡೀ ಒಂದು ದಿನ ಬೇಕು. "ಏ ಸುಮ್ನಿರವಾ. ನಿಮ್ಮವ್ವ ಅಲ್ಲಿ ಒಗ್ಗರಣಿ ಕೊಟ್ರ ನಿನಗ ಇಲ್ಲಿ ಸೀನು ಬರ್ತಾವ" ಎಂದು ನಕ್ಕಳು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೂ ನನಗೆ ಉರಿದುಹೋಯಿತು. ದೂರದೂರಿನವರಿಗೆ ಮಾತ್ರ ಬೇಜಾರಿನ ಹಕ್ಕು ಬರೆದುಕೊಟ್ಟವರು ಯಾರು? ಹತ್ತಿರದ ಊರಿನ ಕಷ್ಟ ಬೇರೆಯೇ ಇದೆ. ಈಗ ಹೊರಟರೆ ಈಗ ತಲುಪಬಹುದು ಎಂದು ಸದಾ ಅನ್ನಿಸುತ್ತಿರುತ್ತದೆ, ಹೋಗಲು ಮಾತ್ರ ಆಗುವುದಿಲ್ಲ.

ನನಗೆ ಸಿಟ್ಟು ಬೇಗ. ಬೇಜಾರಾದರೂ ಅದು ಸಿಟ್ಟಾಗಿಯೇ ಹೊರಗೆ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಅರ್ಥವಾಗುತ್ತದೆ.

ಆ ವರ್ಷ ಚೌತಿಗೆ ನನಗೆ ಸಿಕ್ಕಿದ್ದು ಮೂರು ದಿನದ ರಜೆ. ನಮ್ಮ ಮನೆಯಲ್ಲಿ ಗಣಪತಿ ಕೂರುವುದು ಐದು ದಿನ. ಚಿಕ್ಕಪ್ಪಂದಿರು, ಅತ್ತೆಯಂದಿರು, ಅವರ ಮಕ್ಕಳು ಎಲ್ಲ ಸೇರಿ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ತಲೆ. ಗಣಪತಿಯ ಮೇಲ್ಗಡೆ ಮರದ ಚೌಕಟ್ಟು ತೂಗುಹಾಕಿ ಅದಕ್ಕೆ ಹಣ್ಣು, ತರಕಾರಿ, ಅಡಿಕೆಯ ಸಿಂಗಾರ, ಕಾಡಿನ ಕಾಯಿ ಎಲ್ಲವನ್ನೂ ಇಳಿಬಿಡುವ ಫಲಾವಳಿಗೆ ಗಂಟು ಹಾಕುವವಳು ಚಿಕ್ಕಂದಿನಿಂದಲೂ ನಾನೇ. ಗಾಯಕ್ಕೆ ಹೊಲಿಗೆ ಹಾಕುವುದನ್ನು ಕಲಿತ ಮೇಲಂತೂ ಅಪ್ಪ ಬಂದವರಿಗೆಲ್ಲ ತೋರಿಸುತ್ತಾರೆ. "ಇದು ಡಾಕ್ಟ್ರ ಗಂಟು. ಬಿಚ್ಚೂಕೆ ಕತ್ತಿನೇ ಬೇಕು" ಎನ್ನುತ್ತಾರೆ. ಮೂರು ದಿನ ನಾನು ಒಂದು ನಿಮಿಷವೂ ಒಬ್ಬಳೇ ಇರಲಿಲ್ಲ. ಬಚ್ಚಲಿಗೆ ಹೋದರೂ ಹೊರಗಿನಿಂದ ಯಾರಾದರೊಬ್ಬರು "ಬೇಗ ಬಾರೇ" ಎಂದು ಬಾಗಿಲು ಬಡಿಯುತ್ತಿದ್ದರು. ಮಲಗಿದರೆ ಒಂದು ಕಡೆ ಅತ್ತೆಯ ಮೊಣಕೈ, ಇನ್ನೊಂದು ಕಡೆ ತಂಗಿಯ ಕಾಲು. "ಇದೆಂತ ಮನೆಯೋ ಸಂತೆಯೋ" ಎಂದು ಎಲ್ಲರ ಮೇಲೂ ರೇಗಿದ್ದೆ. ರೇಗಿದ್ದನ್ನೆಲ್ಲ ಆಮೇಲೆ ಕಾರವಾರದ ಕೋಣೆಯಲ್ಲಿ ಒಂದೊಂದಾಗಿ ನೆನೆದು ನಾಚಿಕೆಪಟ್ಟೆ.

ಮೂರನೇ ದಿನ ಮಧ್ಯಾಹ್ನ ಹೊರಟೆ. ಸಂಜೆಗೆ ಭಜನೆ ಇತ್ತು. ಒಳಗೆ ಚಾಪೆ ಹಾಸುತ್ತಿದ್ದರು. ಅಮ್ಮ ಸ್ಟೀಲ್ ಡಬ್ಬಿಗೆ ಪಂಚಕಜ್ಜಾಯ ತುಂಬಿ, ನೈವೇದ್ಯದ ಬಾಳೆಹಣ್ಣು ಏಳೆಂಟನ್ನು ಬಾಳೆಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು.

"ಇನ್ನೆರಡು ದಿನ ನಿಂತ್ರೆ ಎಂತ ಆಗ್ತದೆ? ನೀ ಇಲ್ದಿದ್ರೆ ಆಸ್ಪತ್ರೆ ಬಾಗಿಲು ಹಾಕ್ತಾರಾ?"

"ರಜೆ ಇಲ್ಲ ಅಮ್ಮಾ. ಹತ್ತು ಸಲ ಹೇಳ್ದೆ."

"ಹತ್ತು ಸಲ ಹೇಳೂಕೆ ಪುರ್ಸೊತ್ತು ಅದೆ, ಎರಡು ದಿನ ನಿಲ್ಲೂಕೆ ಇಲ್ಲ."

ನಾನು ಚಪ್ಪಲಿ ಮೆಟ್ಟಿದೆ. ಅಮ್ಮನಿಗೂ ಸಿಟ್ಟು ಬೇಗ. ಬಸ್ಸು ಹತ್ತಿ ಕೂತೆ. ಅವರ್ಸಾ ದಾಟುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದೆ, ಪಕ್ಕದಲ್ಲಿ ಕೂತ ಹೆಂಗಸು ಮಾತಾಡಿಸದಿರಲಿ ಎಂದು.

ಕಾರವಾರದ ಹಬ್ಬುವಾಡದಲ್ಲಿ ಒಂದು ಮನೆಯ ಮಾಳಿಗೆಯ ಮೇಲೆ ನನ್ನದು ಬಾಡಿಗೆ ಕೋಣೆ. ಕೆಳಗಿನ ಮನೆಯವರು ಚೌತಿಗೆಂದು ಗೋವಾದ ನೆಂಟರ ಮನೆಗೆ ಹೋಗಿದ್ದರು. ಬಾಗಿಲಿಗೆ ಬೀಗ. ಕೋಣೆ ತೆರೆದರೆ ಮೂರು ದಿನ ಮುಚ್ಚಿಟ್ಟ ಮಳೆಗಾಲದ ವಾಸನೆ. ಹೋಗುವ ಮುನ್ನ ಹಗ್ಗದ ಮೇಲೆ ಹಾಕಿದ್ದ ಬಟ್ಟೆ ಇನ್ನೂ ಹಸಿಯಾಗಿತ್ತು. ನಾನು ಚೀಲ ಬಿಚ್ಚಲಿಲ್ಲ. ರಜೆ ಮುಗಿಸಿ ಬಂದಾಗಲೆಲ್ಲ ಚೀಲವನ್ನು ಎರಡು ದಿನ ಹಾಗೆಯೇ ಇಡುವುದು ನನ್ನ ಅಭ್ಯಾಸ. ಬಿಚ್ಚಿದರೆ ಬಂದದ್ದು ಖಾಯಂ ಆಗುತ್ತದೆ ಎಂಬ ಮೂಢನಂಬಿಕೆ. ಎಂಬಿಬಿಎಸ್ ಓದಿದವಳು ಹೀಗೆ ಹೇಳಬಾರದು, ಗೊತ್ತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆ ಸಂಜೆ ನಾನು ಮಾಡಿದ ಇನ್ನೊಂದು ಕೆಲಸವನ್ನು ಈವರೆಗೆ ಯಾರಿಗೂ ಹೇಳಿಲ್ಲ. ಕೊಡೆ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದುಹೋದೆ. ಅಲ್ಲಿಯ ಕ್ಯಾಂಟೀನಿನಲ್ಲಿ ಚಹಾ ತೆಗೆದುಕೊಂಡು, ಅಂಕೋಲಾ ಬಸ್ಸು ನಿಲ್ಲುವ ಕಡೆ ಮುಖಮಾಡಿ ಕೂತೆ. ಕಂಡಕ್ಟರು "ಅಂಕೋಲಾ ಅಂಕೋಲಾ" ಎಂದು ಕೂಗುವುದನ್ನು ಕೇಳುತ್ತ ಒಂದಾದ ಮೇಲೊಂದು ಮೂರು ಬಸ್ಸು ಬಿಟ್ಟೆ. ಮೂರನೆಯ ಬಸ್ಸಿನ ಕಂಡಕ್ಟರು ನನ್ನನ್ನು ನೋಡಿ "ಬರೂದಾ, ಅಕ್ಕೋರೇ?" ಎಂದು ಕೇಳಿದ. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಮನೆಯಲ್ಲಿ ಆ ಹೊತ್ತಿಗೆ ಭಜನೆ ಶುರುವಾಗಿರುತ್ತದೆ ಎಂದು ಲೆಕ್ಕಹಾಕಿಕೊಂಡು ಕೋಣೆಗೆ ಮರಳಿದೆ. ಅಮ್ಮ ಫೋನು ಮಾಡಿದಾಗ ಸ್ನೇಹಿತೆಯರ ಜತೆ ಇದ್ದೇನೆ ಎಂದೆ. ಫೋನಿನಲ್ಲಿ ಸುದ್ದಿ ಹಚ್ಚಿಟ್ಟು, ಯಾರೋ ಮಾತಾಡುತ್ತಿದ್ದಾರೆ ಎಂಬ ಸಮಾಧಾನದಲ್ಲಿ ಮಲಗಿದೆ.

ಮರುದಿನ ಬೆಳಿಗ್ಗೆ ಡ್ಯೂಟಿ. ಸರಕಾರಿ ಆಸ್ಪತ್ರೆಯ ಮೆಡಿಸಿನ್ ವಾರ್ಡಿಗೆ ಚೌತಿಯ ಮುಂಚೆ ಒಂದು ಮುಖ, ಚೌತಿಯ ಮೇಲೆ ಇನ್ನೊಂದು ಮುಖ. ಮುಂಚೆ ಎಲ್ಲರೂ "ಡಾಕ್ಟ್ರೇ, ಹಬ್ಬಕ್ಕೆ ಮನೆಗೆ ಬಿಡಿ" ಎಂದು ಕೈಮುಗಿದು ಹೋಗುತ್ತಾರೆ. ಹಬ್ಬ ಮುಗಿಯುತ್ತಲೇ ಅವರೇ ಕಾಲು ಊದಿಸಿಕೊಂಡು, ಸಕ್ಕರೆ ಏರಿಸಿಕೊಂಡು, ಏದುಸಿರು ಬಿಡುತ್ತ ವಾಪಸು ಬರುತ್ತಾರೆ. ಕೇಳಿದರೆ ಒಬ್ಬರೂ ಏನೂ ತಿಂದಿರುವುದಿಲ್ಲ. "ಒಂದೇ ಒಂದು ಮೋದಕ" ಎನ್ನುತ್ತಾರೆ. ಅಂದು ಬೆಳಿಗ್ಗೆ ಕಡಿಮೆಯೆಂದರೆ ಹತ್ತು ಜನಕ್ಕೆ ನಾನು ಪಥ್ಯದ ಪಾಠ ಮಾಡಿದೆ. ಉಪ್ಪಿನಕಾಯಿ ಬೇಡ, ಹಪ್ಪಳ ಬೇಡ, ನಿಮಗೆ ಬೆಲ್ಲ ಬೇಡ, ನಿಮಗೆ ಎಳನೀರು ಬೇಡ. ದನಿ ಏರಿಸಿಯೇ ಹೇಳಿದೆ. ನನ್ನ ಬೇಜಾರನ್ನೆಲ್ಲ ಅವರ ಪಥ್ಯದ ಮೇಲೆ ತೀರಿಸಿಕೊಂಡೆ ಎಂದರೂ ತಪ್ಪಿಲ್ಲ.

ಹಾಗೆ ವಾಪಸು ಬಂದವರಲ್ಲಿ ಕದ್ವಾಡದ ಒಬ್ಬ ಅಜ್ಜಿಯೂ ಇದ್ದಳು. ಅವಳ ಎರಡೂ ಕಿಡ್ನಿ ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು, ಅಂದರೆ ಮಷಿನಿನಿಂದ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕು. ಈ ಸಲ ಒಂದು ಸರದಿ ಚೌತಿಯ ದಿನವೇ ಬಿದ್ದದ್ದರಿಂದ ತಪ್ಪಿಸಿಕೊಂಡಿದ್ದಳು. ಮುಖ, ಕಾಲು ಊದಿಕೊಂಡು ಬಂದಿದ್ದಳು. ಹಬ್ಬಕ್ಕೆ ತಪ್ಪಿಸಿಕೊಂಡವರು ಇನ್ನೂ ಕೆಲವರಿದ್ದುದರಿಂದ ಮಷಿನು ಖಾಲಿ ಇರಲಿಲ್ಲ, ಅವಳ ಸರದಿ ಮರುದಿನ ಬೆಳಿಗ್ಗೆಗೆ ಎಂದಾಯಿತು. ಅವಳು ನಮ್ಮ ಯೂನಿಟ್ಟಿನ ಪೇಶಂಟು. ಅವಳ ಕೇಸ್ ಶೀಟಿನಲ್ಲಿ ಪಥ್ಯ ಬರೆದವಳು ನಾನೇ. ಉಪ್ಪು ಕಡಿಮೆ, ನೀರು ಅಳತೆಯಲ್ಲಿ, ಬಾಳೆಹಣ್ಣು ಬೇಡ, ತೆಂಗಿನಕಾಯಿ ಬೇಡ. ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದೆ.

ಕಿಡ್ನಿ ಕೆಲಸ ಮಾಡದವರಿಗೆ ಬಾಳೆಹಣ್ಣು ಯಾಕೆ ಬೇಡ ಎಂದರೆ, ಅದರಲ್ಲಿ ಪೊಟ್ಯಾಶಿಯಂ ಹೆಚ್ಚು. ನಮ್ಮ ಮೈಯಿಂದ ಅದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಅವರ ಮೈಯಲ್ಲಿ ಉಳಿದು ಏರಿದರೆ ಹೃದಯದ ಬಡಿತ ನಿಧಾನವಾಗುತ್ತ ಹೋಗಿ ನಿಂತೇಬಿಡಬಹುದು. ಇದು ಎರಡನೇ ವರ್ಷದ ಪಿ.ಜಿ.ಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತಿರುವ ವಿಷಯ.

ಅಜ್ಜಿಯ ಮನೆಮಾತು ಕೊಂಕಣಿ. ಹಬ್ಬದ ಮುಂಚಿನಿಂದಲೂ ನಾನು ಅವಳ ಮಂಚದ ಹತ್ತಿರ ಹೋದಾಗಲೆಲ್ಲ "ಜೇವಣ್ ಜಾಲೆಂ ಗೋ ಬಾಯ್?" ಎಂದು ಕೇಳುತ್ತಿದ್ದಳು. ಊಟ ಆಯ್ತೇನೇ ಮಗಳೇ ಎಂದು. ಬೆಳಿಗ್ಗೆ ಎಂಟಕ್ಕೂ ಅದೇ ಪ್ರಶ್ನೆ, ಸಂಜೆ ಐದಕ್ಕೂ ಅದೇ. "ಆಯ್ತಜ್ಜೀ, ಕೈ ಕೊಡಿ" ಎಂದು ನಾನು ನಾಡಿ ಹಿಡಿಯುತ್ತಿದ್ದೆ. ಮಗ ಮೀನಿನ ಬೋಟಿನಲ್ಲಿ ಕೆಲಸಕ್ಕಿದ್ದ. ಸೊಸೆ ಹಗಲು ಕೂಲಿಗೆ ಹೋಗಿ ಸಂಜೆ ಗಂಜಿ ತರುತ್ತಿದ್ದಳು. ಹಾಗಾಗಿ ಹಗಲಿಡೀ ಅಜ್ಜಿ ಒಬ್ಬಳೇ.

ಅಂದು ಮಧ್ಯಾಹ್ನದ ಊಟ ತಪ್ಪಿತ್ತು. ಕೆಲಸ ಒಂದು ಹಂತಕ್ಕೆ ಬಂದಾಗ ನಾಲ್ಕು ಗಂಟೆ. ಡಾಕ್ಟರುಗಳು ಕೂರುವ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಕಲಬುರಗಿಯ ಗೆಳತಿ ಊರಿಂದ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಬಟ್ಟೆ ಮುಟ್ಟದೆ ಚೀಲದಿಂದ ಡಬ್ಬಿ, ಬಾಳೆಹಣ್ಣು ಮಾತ್ರ ಎತ್ತಿಕೊಂಡು ಬಂದಿದ್ದೆ. ಆ ಕೋಣೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದೆ. ಅಮ್ಮನ ಪಂಚಕಜ್ಜಾಯದಲ್ಲಿ ಎಳ್ಳು ಸ್ವಲ್ಪ ಜಾಸ್ತಿಯೇ ಹುರಿದಿರುತ್ತದೆ. ಆ ವಾಸನೆ ಬಂದದ್ದೇ ನನಗೆ ಅಲ್ಲಿ ಕೂರಲಾಗಲಿಲ್ಲ. ಖಾಲಿ ಕುರ್ಚಿಗಳ ನಡುವೆ ಅದನ್ನು ನುಂಗುವುದು ಸಾಧ್ಯವೇ ಇರಲಿಲ್ಲ. ಡಬ್ಬಿ, ಬಾಳೆಹಣ್ಣು ಎತ್ತಿಕೊಂಡು ವಾರ್ಡಿಗೆ ಬಂದೆ. ಸಿಸ್ಟರ್ ಇನ್ನೊಂದು ತುದಿಯಲ್ಲಿ ಇಂಜೆಕ್ಷನ್ ಕೊಡುತ್ತಿದ್ದರು. ಗೋಡೆ ಬದಿಯ ಮೇಜಿನ ಮುಂದೆ ಕೂತೆ. ಒಂದೂವರೆ ಮಾರು ದೂರದಲ್ಲಿ ಅಜ್ಜಿಯ ಮಂಚ.

ತಿರುಗಿದರೆ ಅವಳು ನೋಡುತ್ತಿದ್ದಳು. ಎದುರಿಗೊಬ್ಬರು ನೋಡುತ್ತಿರುವಾಗ ಕೊಡದೆ ತಿನ್ನುವುದು ನಮ್ಮ ಕಡೆ ಇಲ್ಲ. ನಾನು ಎದ್ದುಹೋದೆ.

"ಅಜ್ಜೀ, ಗಣಪತಿ ಪ್ರಸಾದ. ನಮ್ಮನೇದು."

ಅಜ್ಜಿ ಎದ್ದು ಕೂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಲಗೈಯ ಕೆಳಗೆ ಎಡಗೈ ಇಟ್ಟು ಚಾಚಿದಳು. ಒಂದು ಹಿಡಿ ಪಂಚಕಜ್ಜಾಯ, ಒಂದು ಬಾಳೆಹಣ್ಣು ಇಟ್ಟೆ. ಕಣ್ಣಿಗೊತ್ತಿಕೊಂಡು ತಿಂದಳು. ನಾನು ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಪಾಲು ತಿಂದೆ. "ನಿಮ್ಮಲ್ಲಿ ಎಷ್ಟು ದಿನ ಕೂರಿಸೂದು?" ಎಂದು ಕೇಳಿದಳು. ಐದು ಎಂದೆ. ನಮ್ಮದು ಒಂದೂವರೆ ದಿನ ಎಂದಳು. ಫಲಾವಳಿಗೆ ಯಾವ ಯಾವ ಕಾಯಿ ಕಟ್ಟುತ್ತೀರಿ ಎಂದು ಕೇಳಿದಳು, ಅದನ್ನು ಅವರು ಮಾಟೋಳಿ ಎನ್ನುತ್ತಾರೆ. ನಾನು ಒಂದೊಂದೇ ಹೆಸರು ಹೇಳಿದೆ. ಅವಳು ಕೊಂಕಣಿಯಲ್ಲಿ ಅದರ ಹೆಸರು ಹೇಳಿದಳು. ನಡುವೆ ಇನ್ನೊಂದು ಹಣ್ಣು ಕೊಟ್ಟೆ. ಅದನ್ನೂ ತಿಂದಳು. ಹದಿನೈದು ನಿಮಿಷ ಕೂತಿದ್ದೇನೋ. ಊರಿಂದ ಬಂದ ಮೇಲೆ ನನಗೆ ಸಂತೋಷವಾದದ್ದು ಆ ಹದಿನೈದು ನಿಮಿಷ ಮಾತ್ರ.

ಹೇಗೆ ಮರೆತೆ ಎಂದು ಆಮೇಲೆ ಬಹಳ ಜನ ಕೇಳಿದರು. ಮರೆತಿರಲಿಲ್ಲ. ಬೆಳಿಗ್ಗೆ ನಾನು ಬೇಡವೆಂದು ಬರೆದದ್ದು ಬಾಳೆಹಣ್ಣು. ಆ ಹೊತ್ತು ನನ್ನ ಕೈಯಲ್ಲಿದ್ದದ್ದು ಪ್ರಸಾದ. ಅವೆರಡೂ ಒಂದೇ ಎಂದು ನನಗೆ ಹೊಳೆಯಲೇ ಇಲ್ಲ. ಚಿಕ್ಕಂದಿನಿಂದ ಪ್ರಸಾದಕ್ಕೆ ಪಥ್ಯವಿಲ್ಲ ಎಂದು ಕೇಳಿ ಬೆಳೆದವಳು. ಜ್ವರ ಬಂದು ಗಂಜಿ ಕುಡಿಯುತ್ತಿದ್ದಾಗಲೂ ಪ್ರಸಾದದ ಲಾಡು ತಿಂದವಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಪೇಶಂಟುಗಳನ್ನು ಹಂಗಿಸುತ್ತಿದ್ದೆ. ನನ್ನ ವಿಷಯದಲ್ಲಿ ಅದು ಹೇಳುವುದು ಆಚಾರ, ತಿನ್ನಿಸುವುದು ಬಾಳೆಹಣ್ಣು ಎಂದಾಯಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ ವಾರ್ಡಿಗೆ ಹೋದಾಗ ಅಜ್ಜಿ ಊಟ ಆಯ್ತೇ ಎಂದು ಕೇಳಲಿಲ್ಲ. ಕಣ್ಣು ಅರೆಮುಚ್ಚಿತ್ತು. ಕೈಯೆತ್ತಲು ಹೇಳಿದರೆ ಮಂಚದಿಂದ ಮೇಲೆ ಬರಲಿಲ್ಲ. ನಾಡಿ ಹಿಡಿದೆ. ಒಂದು ಬಡಿತ. ಮತ್ತೊಂದು ಬರುವುದೇ ಇಲ್ಲವೇನೋ ಎಂಬಷ್ಟು ಹೊತ್ತು ಕಾದ ಮೇಲೆ ಮತ್ತೊಂದು. ನಿಮಿಷಕ್ಕೆ ನಲವತ್ತು. ಇ.ಸಿ.ಜಿ. ಕಾಗದ ಎಳೆದು ನೋಡಿದೆ. ಪೊಟ್ಯಾಶಿಯಂ ಏರಿದಾಗ ಬರುವ ಚೂಪು ಚೂಪು ಗೆರೆಗಳು ಕಾಗದದ ತುಂಬ ನಿಂತಿದ್ದವು. ಆ ಕ್ಷಣದಲ್ಲಿ ನನಗೆ ಹಿಂದಿನ ದಿನದ ಹಣ್ಣಿನ ಸಿಪ್ಪೆ ಕಣ್ಣಿಗೆ ಕಟ್ಟಿತು.

ಕೈ ಮಾತ್ರ ಕೆಲಸ ಮಾಡಿತು. ಸಿಸ್ಟರಿಗೆ ಕೂಗಿ ಹೇಳಿ ಕ್ಯಾಲ್ಶಿಯಂ ಇಂಜೆಕ್ಷನ್ ಕೊಟ್ಟೆವು, ಗ್ಲೂಕೋಸಿನ ಜತೆ ಇನ್ಸುಲಿನ್ ಹಚ್ಚಿದೆವು. ಯೂನಿಟ್ಟಿನ ಮುಖ್ಯಸ್ಥೆಯಾದ ಮೇಡಂ ಓಡಿಬಂದರು. ಡಯಾಲಿಸಿಸ್ ಕೋಣೆಗೆ ಫೋನು ಮಾಡಿ ಮೊದಲ ಸರದಿಯನ್ನೇ ಬಿಡಿಸಿದರು. ಸ್ಟ್ರೆಚರ್ ಬರುವ ತನಕ ಅವರು ಇ.ಸಿ.ಜಿ. ಹಿಡಿದು ಕೇಳಿದರು.

"ನಿನ್ನೆ ಬಂದಾಗ ಪೊಟ್ಯಾಶಿಯಂ ಇಷ್ಟಿರಲಿಲ್ಲ. ರಾತ್ರಿಯೊಳಗೆ ಹೇಗೆ ಏರ್ತು? ಅಜ್ಜೀ, ಏನು ತಿಂದ್ರಿ?"

ಅಜ್ಜಿ ನಿಧಾನವಾಗಿ ಕಣ್ಣು ತೆರೆದು ಮೇಡಮ್ಮನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಎಂತದೂ ಇಲ್ಲ" ಎಂದು ಮತ್ತೆ ಕಣ್ಣು ಮುಚ್ಚಿದಳು.

ಮೇಡಂ ಸೊಸೆಯ ಕಡೆ ತಿರುಗಿದರು. ಅವಳು ರಾತ್ರಿ ಅಲ್ಲಿಯೇ ಮಲಗಿದ್ದವಳು, ಕೈಯಲ್ಲಿ ಗಂಜಿಯ ಖಾಲಿ ಡಬ್ಬಿ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. "ಹಬ್ಬದ್ದು ಉಳಿದದ್ದು ತಂದು ತಿನ್ನಿಸಿದ್ದೀ ಅಲ್ವಾ? ಎಷ್ಟು ಸಲ ಹೇಳೋದು ನಿಮಗೆ? ಇವಳ ಜೀವ ಹೋದರೆ ಯಾರು ಹೊಣೆ?" ಎಂದು ಎಲ್ಲರೆದುರೂ ಬೈದರು. ಸೊಸೆ ಗಂಜಿಯ ಡಬ್ಬಿಯನ್ನು ಮುಂದೆ ಹಿಡಿದಳು. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಈಗ ಹೇಳಬೇಕು ಎಂದು ಗೊತ್ತಿತ್ತು. ನಾಲಿಗೆ ಏಳಲಿಲ್ಲ. ನನಗೆ ಹೆದರಿಕೆಯಾಗಿತ್ತು. ಅಜ್ಜಿ ಸತ್ತರೆ ಕೊಂದವಳು ನಾನು. ಬದುಕಿದರೂ ಇಡೀ ವಿಭಾಗಕ್ಕೆ ತಿಳಿಯುತ್ತದೆ. ಅಂಕೋಲಾದ ಪೇಟೆಯಲ್ಲಿ ಮಗಳು ಡಾಕ್ಟರು ಎಂದು ಎದೆಯುಬ್ಬಿಸಿ ನಡೆಯುವ ಅಪ್ಪನಿಗೂ ತಿಳಿಯುತ್ತದೆ. ಸ್ಟ್ರೆಚರ್ ಬಂತು. ಅದನ್ನು ಹಿಡಿದುಕೊಂಡು ಓಡುವುದೇ ನನಗೆ ಪಾರಾಗುವ ದಾರಿಯಾಯಿತು.

ಮಷಿನಿಗೆ ಹಚ್ಚಿ ಒಂದು ತಾಸಾದ ಮೇಲೆ ಬಡಿತ ಅರುವತ್ತಕ್ಕೆ ಬಂತು. ಡಯಾಲಿಸಿಸ್ ಕೋಣೆಯ ಹೊರಗೆ ಬಂದೆ. ಸೊಸೆ ನೆಲದ ಮೇಲೆ ಕೂತಿದ್ದವಳು ನನ್ನನ್ನು ಕಂಡು ಎದ್ದಳು.

"ಹೆಂಗದೆ ಡಾಕ್ಟ್ರೇ?"

"ಈಗ ಪರವಾಗಿಲ್ಲ. ಬಡಿತ ಸರಿ ಆಗ್ತಾ ಇದೆ."

ಅವಳು ಕಣ್ಣೊರೆಸಿಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ನೀವಾದ್ರೂ ದೊಡ್ಡ ಮೇಡಮ್ಮಂಗೆ ಹೇಳಿ. ನಾ ಗಂಜಿ ಬಿಟ್ಟು ಎಂತದೂ ತರಲಿಲ್ಲ. ಅದಕ್ಕೆ ಉಪ್ಪು ಸೈತ ಹಾಕಲಿಲ್ಲ. ಮೂರು ವರ್ಷದಿಂದ ಅತ್ತೆಗೆ ಬೇರೆ, ನಮಗೆ ಬೇರೆ ಅಡುಗೆ ಮಾಡ್ತೆ ನಾನು. ಇನ್ನು ಇವ್ರು ಬೋಟಿಂದ ಬಂದು ಕೇಳಿದ್ರೆ ಎಂತ ಹೇಳೂದು? ನೀವು ಹೇಳಿದ್ರೆ ಅವ್ರು ಕೇಳ್ತಾರೆ."

ಇಡೀ ಆಸ್ಪತ್ರೆಯಲ್ಲಿ ಅವಳು ನಂಬಿ ಬಂದದ್ದು ನನ್ನ ಹತ್ತಿರ.

"ಹಣ್ಣು ಕೊಟ್ಟದ್ದು ನಾನು" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿದೆ. ನಿನ್ನೆ ನಾಲ್ಕು ಗಂಟೆಗೆ, ನಮ್ಮ ಮನೆಯ ಪ್ರಸಾದ, ಎರಡು ಬಾಳೆಹಣ್ಣು, ಒಂದು ಹಿಡಿ ಪಂಚಕಜ್ಜಾಯ. ಅವಳು ನನ್ನನ್ನು ನೋಡುತ್ತಲೇ ಇದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು. "ನೀವು ಓದ್ದವ್ರಲ್ದಾ" ಎಂದಷ್ಟೇ ಹೇಳಿ ಹೋಗಿ ಮೊದಲಿನ ಜಾಗದಲ್ಲೇ ಕೂತಳು.

ಅಲ್ಲಿಂದ ನೇರ ಮೇಡಂ ಅವರ ಕೋಣೆಗೆ ಹೋಗಿ, ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಕೂಗಾಡಲಿಲ್ಲ.

"ಪ್ರಸಾದದಲ್ಲಿ ಪೊಟ್ಯಾಶಿಯಂ ಇರೋದಿಲ್ಲ ಅಂತ ಯಾವ ಪುಸ್ತಕದಲ್ಲಿ ಓದಿದೆ?"

ಮೇಜಿನ ಮೇಲಿದ್ದ ಅಜ್ಜಿಯ ಕೇಸ್ ಶೀಟನ್ನು ಹತ್ತಿರ ಎಳೆದುಕೊಂಡರು.

"ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು, ಮೇಡಂ."

"ನಿನಗೆ ಹೆದರಿಕೆ ಆಯ್ತು ಅಂತ ನಾನು ಆ ಹುಡುಗಿಯನ್ನ ಬೈದೆ" ಎಂದರು. ಕೇಸ್ ಶೀಟನ್ನು ನನ್ನ ಕಡೆ ನೂಕಿದರು. "ಬರಿ. ಎಷ್ಟು ಗಂಟೆಗೆ, ಏನು, ಎಷ್ಟು, ಯಾರು ಕೊಟ್ಟದ್ದು. ಸಹಿ ಹಾಕು. ಈ ವಾರದ ಮೀಟಿಂಗಿನಲ್ಲಿ ಈ ಕೇಸು ನೀನೇ ಹೇಳಬೇಕು." ಬರೆದೆ. ನಾನೇ ಗೆರೆ ಎಳೆದಿದ್ದ ಪಥ್ಯದ ಸಾಲಿನ ಕೆಳಗೆ ನನ್ನದೇ ಅಕ್ಷರದಲ್ಲಿ ನನ್ನ ತಪ್ಪು. ಮೇಡಂ ಎದ್ದು ಡಯಾಲಿಸಿಸ್ ಕೋಣೆಯ ಕಡೆ ಹೋದರು. ಸೊಸೆಯ ಹತ್ತಿರ ಏನು ಹೇಳಿದರೋ ಕೇಳಿಸಲಿಲ್ಲ. ದೂರದಿಂದ ಕಂಡದ್ದು ಅವರು ಕೈಮುಗಿದದ್ದು, ಸೊಸೆ ಗಡಬಡಿಸಿ ಎದ್ದುನಿಂತದ್ದು.

ಮೀಟಿಂಗಿನಲ್ಲಿ ನಿಂತು ಹೇಳಿದೆ. ಪೇಶಂಟಿನ ವಯಸ್ಸು, ಕಾಯಿಲೆ, ಇ.ಸಿ.ಜಿ., ಆಮೇಲೆ ಕಾರಣ. ಕಾರಣ ಹೇಳುವಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಊರಿಂದ ವಾಪಸಾಗಿದ್ದ ಕಲಬುರಗಿಯ ಗೆಳತಿ ಒಗ್ಗರಣೆಯ ತಮಾಷೆ ಮಾಡಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ಆ ದಿನಗಳಲ್ಲಿ ನಾನು ಯಾರ ಜತೆಯೂ ಚಹಾಕ್ಕೆ ಹೋಗಲಿಲ್ಲ. ಮನೆಯಿಂದ ಫೋನು ಬಂದರೆ ಡ್ಯೂಟಿಯಲ್ಲಿದ್ದೇನೆ ಎಂದು ಇಟ್ಟುಬಿಡುತ್ತಿದ್ದೆ. ಮೊದಲು ಊರು ಬಿಟ್ಟು ಬಂದ ಒಂಟಿತನ ಮಾತ್ರ ಇತ್ತು. ಈಗ ಯಾರ ಪಕ್ಕದಲ್ಲಿ ಕೂರಲೂ ಯೋಗ್ಯತೆ ಇಲ್ಲ ಎಂಬುದೂ ಸೇರಿಕೊಂಡಿತು. ಅಜ್ಜಿಯ ನಾಡಿ ಹಿಡಿಯಲು ಹೋಗುತ್ತಿದ್ದೆ. ಅವಳು ಎಂದಿನಂತೆ ಊಟ ಕೇಳುತ್ತಿದ್ದಳು. "ಆಯ್ತಜ್ಜೀ" ಎಂದು ಅವಳ ಮುಖ ನೋಡದೆ ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಕ್ಷಮೆ ಕೇಳಬೇಕಾಗಿತ್ತು. ಅದಕ್ಕೂ ಧೈರ್ಯ ಬೇಕಾಗಿತ್ತು.

ಐದನೇ ದಿನ ಅವಳಿಗೆ ಡಿಸ್ಚಾರ್ಜ್. ಸೊಸೆ ಔಷಧಿ ತರಲು ಕೆಳಗೆ ಹೋಗಿದ್ದಳು. ನಾನು ಚೀಟಿ ಹಿಡಿದು ಮಂಚದ ಹತ್ತಿರ ನಿಂತು ಕಂಠಪಾಠ ಒಪ್ಪಿಸಿದಂತೆ ಶುರುಮಾಡಿದೆ. "ಅಜ್ಜೀ, ಇನ್ನು ಮೇಲೆ ಬಾಳೆಹಣ್ಣು ಮುಟ್ಟೂಕಾಗದು. ಯಾರು ಕೊಟ್ರೂ. ಡಾಕ್ಟ್ರು ಕೊಟ್ರೂ." ಅಲ್ಲಿಗೆ ಕಂಠಪಾಠ ಮುಗಿಯಿತು. "ತಪ್ಪಾಯ್ತು. ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ನಾನು ಕೊಡಬಾರದಾಗಿತ್ತು."

"ನಂಗೆ ಗೊತ್ತಿರ್ಲಿಲ್ಲ ಅಂತ ಯಾರು ಹೇಳಿದ್ರು?" ಎಂದಳು ಅಜ್ಜಿ. "ಮೂರು ವರ್ಷ ಆಯ್ತು ಸೂಜಿ ಚುಚ್ಚಿಸ್ಕಳ್ಳೂಕೆ ಹತ್ತಿ. ಬಾಳೆಹಣ್ಣು ಆಗೂದಿಲ್ಲ ಅಂಬುದು ನನ್ನ ಮೊಮ್ಮಗಂಗೂ ಗೊತ್ತದೆ."

ನಾನು ಚೀಟಿ ಕೆಳಗಿಳಿಸಿದೆ. "ಮತ್ತೆಂತಕ್ಕೆ ತಿಂದ್ರಿ?"

"ನೀ ಡಬ್ಬಿ ತಕಂಡು ಬಂದು ಗೋಡೆಗೆ ಮುಖ ಹಾಕಿ ಕೂತಿದ್ದೆ ಬಾಯ್. ಹಬ್ಬದ ಪ್ರಸಾದ ಹಂಗೆ ತಿನ್ನೂದನ್ನ ನಾ ಯಾರನ್ನೂ ನೋಡಲಿಲ್ಲ. ಎದ್ದು ಬಂದು ಕೊಟ್ಟೆ. ನಾ ಬೇಡ ಅಂದಿದ್ರೆ ನೀನೂ ಮುಚ್ಚಿ ಇಡ್ತಿದ್ದೆ."

"ಸತ್ತೇ ಹೋಗ್ತಿದ್ರಿ, ಅಜ್ಜೀ."

"ಅಷ್ಟು ಆಗ್ತದೆ ಅಂತ ಗೊತ್ತಿರ್ಲಿಲ್ಲ" ಎಂದು ಒಪ್ಪಿಕೊಂಡಳು. "ಒಂದನ್ನ ನಿನ್ನ ಸಲುವಾಗಿ ತಿಂದೆ. ಎರಡನೇದು ಮಾತ್ರ ನನ್ನ ಆಸೆಗೆ. ಮೂರು ವರ್ಷ ಆಗಿತ್ತಲ್ದಾ" ಎಂದಳು.

ನನಗೆ ನಗು ಬಂತು, ಅದರ ಬೆನ್ನಿಗೇ ಅಳು. ನನ್ನ ಬೇಜಾರು ನನ್ನೊಳಗೇ ಇದೆ, ಅದನ್ನು ಸಿಟ್ಟಿನಲ್ಲಿ ಚೆನ್ನಾಗಿ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದೆ. ಅಜ್ಜಿ ಅದನ್ನು ಮಂಚದ ಮೇಲಿಂದಲೇ ನೋಡಿದ್ದಳು. ನೋಡಿ, ಆಗದ ಹಣ್ಣನ್ನು ನನಗೋಸ್ಕರ ಬಾಯಿಗೆ ಹಾಕಿಕೊಂಡಿದ್ದಳು. ವಾರ್ಡಿನ ತುಂಬ ಜನರಿದ್ದರು, ಸಿಸ್ಟರ್ ನೋಡುತ್ತಿದ್ದರು. ಡಾಕ್ಟರು ಹೀಗೆ ಅಳಬಾರದು ಎಂಬುದು ನೆನಪಿತ್ತು. ಆದರೂ ನಿಲ್ಲಿಸಲಾಗಲಿಲ್ಲ. ಅಜ್ಜಿ ಮಂಚದ ಮೇಲೆ ನೀಡಿಕೊಂಡಿದ್ದ ಊದಿದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡು ನನಗೆ ಕೂರಲು ಜಾಗ ಮಾಡಿಕೊಟ್ಟಳು.